ಬಂದ ತಾರೀಖು

ಸಿಂಧನೂರಿನಿಂದ ಮೊದಲ ಬಸ್ಸು. ಠಾಕುಮಾ ಕಿಟಕಿಗೆ.
ತೊಡೆಯ ಮೇಲೆ ಬಿಸ್ಕೀಟಿನ ಡಬ್ಬಿ,
ಡಬ್ಬಿಯೊಳಗೆ ಅವಳ ನಾಲ್ಕು ಹೆಸರು:
ಗೆದ್ದಲು ಅರ್ಧ ತಿಂದ ಕ್ಯಾಂಪಿನ ಚೀಟಿಯಲ್ಲಿ ಸೌದಾಮಿನಿ ಬರೋಯಿ,
ರೇಷನ್ ಕಾರ್ಡಿನಲ್ಲಿ ಸೌದಾಮಣಿ ಬಾರಾಯಿ,
ಆಧಾರಿನಲ್ಲಿ ಸೋದಾಮನಿ,
ಮೀನು ಮಾರುವವರ ಸಂಘದ ಪುಸ್ತಕದಲ್ಲಿ ಬರೇ ಸವದಮ್ಮ.
ಮಾನ್ವಿ ದಾಟುವಾಗ ಕೇಳಿದಳು,
‘ಯಾವ ಹೆಸರು ಕೂಗಿದ್ರ ಏಳಬೇಕಲೇ?’

ಮೂರು ರಾತ್ರಿ ಪಾಠ ಹೇಳಿಕೊಟ್ಟಿದ್ದೆ.
ಐವತ್ತು ವರ್ಷ, ಯಾರು ಕೇಳಿದರೂ
‘ಇಲ್ಲಿಯವ್ರೇರಿ, ಮೂರನೇ ಕ್ಯಾಂಪು’ ಅಂದವಳು
ಇವತ್ತು ಅಲ್ಲಿಯವಳೆಂದು ರುಜುವಾತು ಮಾಡಬೇಕು.
ಹೊರಗಿನವಳೆಂದು ಒಪ್ಪಿದರಷ್ಟೇ ಒಳಗೆ.
ಬಂಗಾಳಿಯಲ್ಲಿ ಹೇಳಿ ನೋಡಿದೆ, ಕನ್ನಡದಲ್ಲಿ ಹೇಳಿ ನೋಡಿದೆ,
ಎರಡರಲ್ಲೂ ಅದು ತಲೆಕೆಳಗಾಗಿಯೇ ನಿಂತಿತು.

ರಾಯಚೂರು. ಅಂಚೆ ಕಚೇರಿ.
ಕೆಳಗೆ ಸ್ಪೀಡ್ ಪೋಸ್ಟು, ಗೋಂದು, ಆರ್‌ಡಿ ಕಟ್ಟುವ ಹೆಂಗಸರು.
ಮೇಲೆ, ದೇಶ.
ನಡುವಿನ ಮೆಟ್ಟಿಲಲ್ಲಿ ಕೂತು ಮೊಣಕಾಲು ತಿಕ್ಕಿಕೊಂಡಳು.
ಮೂಲೆಯಲ್ಲಿ ಹಳೆಯ ಸೆಣಬಿನ ಟಪಾಲು ಚೀಲಗಳ ಒಟ್ಟು;
ಮೂಗು ಎತ್ತಿದಳು:
‘ನಮ್ಮೂರ ವಾಸನಿ ಬರ್ತದಲ್ಲೋ ಇಲ್ಲಿ.’

ಸಾಹೇಬರು ಕುಂದಾಪುರದ ಕಡೆಯವರು, ಬಂದು ಎರಡು ತಿಂಗಳು.
ನಾನು ಬಂಗಾಳಿಗೆ ದುಭಾಷಿಯೆಂದು ಕೂತವನು.
‘ತಾಯೀ, ಭಾರತವನ್ನು ಪ್ರವೇಶಿಸಿದ ದಿನಾಂಕ?’
ಠಾಕುಮಾ ನನ್ನತ್ತ ನೋಡಲೇ ಇಲ್ಲ.
‘ನಮ್ಮ ಕಾಲುವಿಗಿ ಇನ್ನಾ ನೀರು ಬಿಟ್ಟಿದ್ದಿಲ್ಲರೀ.
ಎರಿ ಹೊಲ, ಬರೇ ಜಾಲಿಕಂಟಿ.
ತಟ್ಟಿ ಕಟ್ಟಾಕ ಬೊಂಬು ಕೊಟ್ರು,
ಮುಂದಿನ ವಾರ ಗಾಳಿ ಬಂದು ಎಲ್ಲಾ ಒಯ್ದು ಬಿಡ್ತು.’
ಸಾಹೇಬರ ಪೆನ್ನು ನಿಂತಿತು. ‘ಏನಂದರು?’

ಆಮೇಲೆ ಅರ್ಧ ಗಂಟೆ ನಾನು
ಕನ್ನಡದಿಂದ ಕನ್ನಡಕ್ಕೆ ತರ್ಜುಮೆ ಮಾಡುತ್ತ ಕೂತೆ.

ಹುಟ್ಟಿದ ಊರು?
‘ಹೊಳಿ ತಗೊಂಡು ಹೋತ್ರಿ.’
ನಾನು: ಖುಲ್ನಾ ಜಿಲ್ಲೆ.
ಜೊತೆಗೆ ಬಂದವರೆಷ್ಟು?
‘ಹೊಂಟೋರು ಏಳು ಮಂದಿ. ಮುಟ್ಟಿದೋರು ನಾಕು.’
ನಾನು: ನಾಲ್ಕು.

ಬಿಟ್ಟು ಬರಲು ಕಾರಣ?
ಇದಕ್ಕೆ ಅರ್ಜಿಯಲ್ಲಿದ್ದ ಶಬ್ದವನ್ನೇ ಬಾಯಿಪಾಠ ಮಾಡಿಸಿದ್ದೆ.
ಹೇಳಲಿಲ್ಲ.
ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.
ಹುಲಿಗೆಮ್ಮ ಮೇಡಂ ಒಂದು ಲೋಟ ನೀರು ತಂದಿಟ್ಟರು.
ಆ ಸಾಲನ್ನು ಸಾಹೇಬರು ತಾವೇ ತುಂಬಿಕೊಂಡರು.

ಆಮೇಲೆ ಮೆಲ್ಲಗೆ, ಫೈಲು ನೋಡುತ್ತಲೇ,
‘ಎಂದಾದರೂ ಓಟು ಹಾಕಿದ್ದೀರಾ?’
ಅವಳ ಎಡಗೈ ಸೆರಗಿನೊಳಗೆ ಸರಿಯಿತು.
ತೋರುಬೆರಳಿನಲ್ಲಿ ಆ ಕಪ್ಪು ಗೆರೆ
ಬೆಳೆದೂ ಬೆಳೆದೂ ಇನ್ನೂ ಉಗುರಿನ ತುದಿ ಮುಟ್ಟಿರಲಿಲ್ಲ.
‘ಮೀನು ಕೊಯ್ಯೋ ಕೈರೀ ಇದು,’ ಅಂದಳು,
‘ಎಷ್ಟು ತಿಕ್ಕಿದ್ರೂ ಕಲಿ ಹೋಗಂಗಿಲ್ಲ.’
ಇದನ್ನು ನಾನು ತರ್ಜುಮೆ ಮಾಡಲಿಲ್ಲ.
ಸಾಹೇಬರೂ ಕೇಳಲಿಲ್ಲ. ಕರಾವಳಿಯವರು,
ಮೀನಿನ ಕೈ ಅವರಿಗೆ ಗೊತ್ತಿದ್ದಿರಬಹುದು.

ಪ್ರಮಾಣವಚನ. ನಾನು ಓದಿದ ಹಾಗೆ ಹೇಳಬೇಕು.
‘ನಿಷ್ಠೆ’ ಎಂಬಲ್ಲಿ ಎರಡು ಸಲ ತೊಡರಿ
‘ನಿಸ್ಟಿ’ ಮಾಡಿಕೊಂಡು ದಾಟಿದಳು.
ಠಸ್ಸೆಯ ಪ್ಯಾಡಿಗೇ ಹೆಬ್ಬೆರಳು ಒತ್ತಿದಳು,
ಒಂದು ಕಾಗದದ ಮೇಲೆ ಜೋರಾಗಿ, ಇನ್ನೊಂದರ ಮೇಲೆ ಅಳುಕುತ್ತ.
‘ಪೋಸ್ಟಿನಲ್ಲಿ ಬರುತ್ತದೆ, ತಾಯೀ.’
‘ನಮ್ ಪೋಸ್ಟಿನ ಯಂಕೋಬ ಸವದಮ್ಮ ಅಂದ್ರಷ್ಟೇ ಕೊಡ್ತಾನ್ರಿ.’
ಸಾಹೇಬರು ಮೊದಲ ಸಲ ನಕ್ಕರು. ಏನೂ ಬರೆದುಕೊಳ್ಳಲಿಲ್ಲ.

ವಾಪಸ್ ಬಸ್ಸು. ಮಧ್ಯಾಹ್ನದ ಬಿಸಿಲು, ಖಾಲಿ ಸೀಟು.
‘ಐಸು ಕರಗಿರ್ತದ, ರೋಹು ಇವತ್ತಿಗಿ ಹೋದ್ವು’ ಅನ್ನುತ್ತ
ಕಂಡಕ್ಟರ್ ಬರುವ ಮೊದಲೇ ಡಬ್ಬಿ ತೆರೆದು ಕೂತಳು.
ಅವನು ಕಾರ್ಡು ನೋಡದೇ ಸೊನ್ನೆ ಟಿಕೀಟು ಹರಿದ:
‘ಇರ್ಲಿ ಬಿಡಬೇ ಅಜ್ಜಿ.’
ಠಾಕುಮಾ ಅವನ ಅಂಗಿಯ ತೋಳು ಹಿಡಿದಳು.
‘ತಗದೀನಲ್ಲೋ,’ ಅಂದಳು, ‘ನೋಡು.’