ಆಲೂಗಡ್ಡೆಯ ನೆರಳು

ರೇಯಾನ್ ಬಂದದ್ದು ಮುರಿದ ಎಡಗೈ ಹಿಡಿದುಕೊಂಡು,
ಸಾಲಗಾಮೆ ರಸ್ತೆಯಲ್ಲಿ ಬೈಕು ಜಾರಿ.
ಪ್ಲೇಟಿನ ಮೇಲೆ ಮಣಿಕಟ್ಟು ಇಡಿಸಿದೆ,
ದೀಪದ ಚೌಕ ಕಿರಿದು ಮಾಡಿದೆ,
ಅಲ್ಲಾಡಬೇಡ ಎಂದೆ.
ಪರದೆಯಲ್ಲಿ ತನ್ನ ಮೂಳೆ ನೋಡಿ
ನೋವು ಮರೆತು ಹುಡುಗ ಅಂದದ್ದು:
"ಮೇಡಂ, ಎಷ್ಟೊಂದು ಥರ ಬೂದು!"

ಇಪ್ಪತ್ತೊಂದು ವರ್ಷದ ಎಕ್ಸ್‌ರೇ ನೌಕರಿಯಲ್ಲಿ
ಆ ಮಾತು ಯಾರೂ ಆಡಿರಲಿಲ್ಲ.

ಹಾಗೆ ಶುರುವಾಯಿತು ಪಾಠ.
ಭಾನುವಾರ ಹನ್ನೊಂದಕ್ಕೆ, ನಮ್ಮ ಅಡುಗೆಮನೆಯ ಮೇಜು,
ಅವನ ಹಳೆಯ ಟ್ಯಾಬ್ಲೆಟ್ಟು, ಮೂಲೆ ಸೀಳಿದ ಗಾಜು,
ತುದಿ ಸವೆದ ಪೆನ್ನು.
"ಮೊದಲು ಎಲ್ಲರೂ ಸೇಬು ಬರೀತಾರೆ," ಅಂದ.
ಸೇಬಿರಲಿಲ್ಲ. ಹಾಸನವಲ್ಲವೇ,
ಬುಟ್ಟಿ ತುಂಬ ಆಲೂಗಡ್ಡೆ.

ನಲವತ್ತನಾಲ್ಕು ವರ್ಷ ಅದನ್ನು ಕಂದು ಎಂದುಕೊಂಡಿದ್ದೆ.
ನೀಲಿ ಬಕೆಟ್ಟಿನ ಕಡೆಗೆ ಅದರ ಸಿಪ್ಪೆ ತುಸು ನೇರಳೆ;
ಕಿಟಕಿಯ ಕಡೆಗೆ
ಮಜ್ಜಿಗೆಗೆ ಅರಿಸಿನ ಬಿದ್ದ ಬಣ್ಣ.
ನೆರಳಿಗೆ ಕಪ್ಪು ಬಳಿದೆ. ಅವನು ಕೈ ತಡೆದ.
"ಅದು ನೆರಳಲ್ಲ ಮೇಡಂ, ತೂತು.
ನಿಮ್ಮ ಆಲೂಗಡ್ಡೆ ಮೇಜಿನೊಳಗೆ ಇಳೀತಾ ಇದೆ."

ನನ್ನ ಕಪ್ಪು ಬೇರೆ. ಹೇಳಲಿಲ್ಲ.
ನನ್ನ ಕೋಣೆಯಲ್ಲಿ ಕಪ್ಪೆಂದರೆ ಗಾಳಿ,
ಒಳ್ಳೆಯ ಸುದ್ದಿ,
ಎದೆಗೂಡು ಖಾಲಿ ಇರಬೇಕಾದಲ್ಲಿ ಖಾಲಿ.
ಇರಬಾರದ ಕಡೆ ಬಿಳಿ ಕಂಡರೆ
ನನ್ನ ಎದೆಯೇ ಧಸಕ್ಕೆನ್ನುತ್ತದೆ.

ಗೆರೆ ಎಳೆಯಲೂ ಹೆದರಿಕೆ.
"ತಪ್ಪಾದರೆ ಎರಡು ಬೆರಳಲ್ಲಿ ತಟ್ಟಿ, ಹೋಯ್ತು," ಅನ್ನುತ್ತಾನೆ.
ನನಗೆ ಹೋಗುವುದಿಲ್ಲ. ನನ್ನ ಕಸುಬಿನಲ್ಲಿ
ಎರಡನೇ ಸಲ ಅಂದರೆ
ಇನ್ನೊಬ್ಬರ ಮೈಗೆ ಇನ್ನೊಂದು ಗುಟುಕು ವಿಕಿರಣ.
ಒಂದೇ ಸಲಕ್ಕೆ ಸರಿ ಬರಲೆಂದು
ಹಲ್ಲು ಕಚ್ಚಿ ಎಳೆದ ಗೆರೆಗಳು
ಇಸ್ತ್ರಿ ಮಾಡಿದ ಹಾಗಿದ್ದವು.
ಒಂದು ಮಧ್ಯಾಹ್ನ ಒಬ್ಬಳೇ ಕೂತು
ಗೀಚಿ ತಟ್ಟಿ, ಗೀಚಿ ತಟ್ಟಿ, ಇನ್ನೂರು ಸಲ.
ಯಾರಿಗೂ ಏನೂ ಆಗಲಿಲ್ಲ.
ಎದ್ದು ಕಾಫಿ ಮಾಡಿಕೊಂಡೆ.

ಚೌಕಟ್ಟು ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ.
ಬೇಡದ್ದನ್ನು ಬೆಳಕಿನ ಹೊರಗಿಡುವುದೇ ನನ್ನ ಅನ್ನ.
ಇಡೀ ಮಂಡಿ ಬರೆಯಿರಿ ಅಂದ ರೇಯಾನ್:
ಲಾರಿ, ತಕ್ಕಡಿ, ಚೀಲದ ಸಾಲು, ಹಿಂದೆ ಸೀಗೆಗುಡ್ಡ.
ನಾನು ಒಬ್ಬರನ್ನು ಉಳಿಸಿ ಎಲ್ಲ ಕತ್ತರಿಸಿದೆ.

ಜವರಯ್ಯ ಅನ್ನೋಣ, ನಿಜ ಹೆಸರು ರಿಜಿಸ್ಟರಿನಲ್ಲಿರಲಿ.
ಮಂಡಿಯ ಹಮಾಲಿ. ಮಂಗಳವಾರ ಎದೆಯ ಫಿಲಮ್ಮಿಗೆ ಬಂದವರು.
"ಉಸಿರು ಹಿಡಿಯಿರಿ" ಅಂದೆ, ಹಿಡಿದರು.
ಅಷ್ಟರಲ್ಲಿ ಫೋನು. "ಬಿಡಿ" ಅನ್ನುವುದು ಮರೆತೆ.
ತಿರುಗಿ ನೋಡಿದರೆ ಕೆನ್ನೆ ಉಬ್ಬಿಸಿಕೊಂಡು
ಇನ್ನೂ ಹಾಗೇ ನಿಂತಿದ್ದಾರೆ.

ಫೋಟೋ ಇಲ್ಲ. ರೋಗಿಯ ಫೋಟೋ ತೆಗೆಯುವಂತಿಲ್ಲ,
ಒಳಗಿನದನ್ನು ಬಿಟ್ಟು.
ನೆನಪಿನಿಂದಲೇ ಬರೆದೆ, ಹೊರಗಿನ ಬೆಂಚಿನಲ್ಲಿ ಕಾದು ಕೂತಂತೆ:
ಚೀಲ ಹೊತ್ತು ಬಲಕ್ಕೆ ಇಳಿದ ಭುಜ,
ಬೆಂಚಿನ ಕಿತ್ತಳೆ ಪುಟಿದು ಗದ್ದದ ಅಡಿಗೆ ಹತ್ತಿದ್ದು,
ಬಾಗಿಲ ಬಿಸಿಲು ಮೂಗಿಗೆ, ಹುಬ್ಬಿಗೆ, ಮೇಲ್ದುಟಿಗೆ.

ಹಚ್ಚುತ್ತ ಹಚ್ಚುತ್ತ ಹೊಳೆಯಿತು:
ಬೆಳಕಿಗೆ ದಾರಿ ಬಿಟ್ಟದ್ದು ಕತ್ತಲೆ,
ಅಡ್ಡ ನಿಂತದ್ದು ಬೆಳಗುತ್ತದೆ,
ಎಲುಬಾಗಲಿ, ಮೂಗಾಗಲಿ.
ರೇಯಾನ್‌ಗೆ ಹೇಳಿದೆ.
"ಹೂಂ," ಅಂದ, ಚಕ್ಕುಲಿ ಕಡಿಯುತ್ತ,
"ಕಿವಿ ಸ್ವಲ್ಪ ಮೇಲಾಯ್ತು."

ಮೇಲೇ ಆಗಿತ್ತು. ಇಳಿಸಿದೆ.
ಉಳಿಸುವಾಗ ಯಂತ್ರ ಹೆಸರು ಕೇಳಿತು.
ಸ್ವಲ್ಪ ಹೊತ್ತು ಕೂತು, ಒಂದೊಂದೇ ಅಕ್ಷರ ಒತ್ತಿದೆ,
ಅವತ್ತು ತಡವಾಗಿ ಹೇಳಿದ್ದನ್ನೇ:
ಉಸಿರು ಬಿಡಿ.