ಶನಿವಾರದ ವಾಸನೆ

ಶನಿವಾರ ಬೆಳಗ್ಗೆ ಬರುತ್ತದೆ, ಮಂಗಳವಾರಕ್ಕೆ ಇರುವುದಿಲ್ಲ.
ಅಡುಗೆಮನೆಯ ಕಿಟಕಿ ತೆರೆದರೆ ಸಾಕು,
ಕಾಫಿ ಕುದಿಯುವ ಮೊದಲೇ ಪೆಟ್ರೋಲು ಒಳಗೆ ಬಂದು ಕೂತಿರುತ್ತದೆ
ಹೇಳದೆ ಬಂದ ನೆಂಟನ ಹಾಗೆ.

ಕೆಳಗೆ ಅಣ್ಣನ ಝಿಗುಲಿ,
ಎಂಬತ್ಮೂರರದು, ಒಡೆದ ಹಾಲಿನ ಬಣ್ಣ,
ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು
ಮೂತಿ ಮೇಲೆತ್ತಿ ಇಳಿಜಾರಿನಲ್ಲಿ ನಿಂತಿದೆ.
ಈ ಚಿಯಾತುರಾದಲ್ಲಿ ಸಮತಟ್ಟು ಅನ್ನುವುದು
ಊಟದ ಮೇಜಿನ ಮೇಲೆ ಮಾತ್ರ.

‘ಏನೂ ಇಲ್ಲ’ ಎಂದ ನುಗ್ಜಾರ್.
ಬಾನೆಟ್ ಎತ್ತಿ, ತಲೆಯಿಟ್ಟು, ಗಟ್ಟಿಯಾಗಿ ಉಸಿರೆಳೆದು,
‘ಏನೂ ಇಲ್ಲ ತ್ಸಿಯಾಲಾ. ನಿನ್ನ ಮೂಗಿಗೆ ಬೇರೆ ಕೆಲಸ ಕೊಡು.’

ಪಕ್ಕದ ಮನೆಯ ಒಮಾರಿಗೆ ಎಲ್ಲ ರೋಗಕ್ಕೂ ಕಾರ್ಬುರೇಟರೇ ಮೂಲ.
ಎರಡು ಲೋಟ ವೈನು ಕುಡಿದು ಬಿಚ್ಚಿದ,
ನಾಲ್ಕು ಕುಡಿದು ಜೋಡಿಸಿದ.
ಒಂದು ಸ್ಪ್ರಿಂಗು ಉಳಿಯಿತು. ಅದು ಬೇಕಿಲ್ಲದ್ದಂತೆ.

ನಾನು ಬೇಕರಿಯವಳು, ಇಪ್ಪತ್ತೆರಡು ವರ್ಷ.
ಹಿಟ್ಟು ಹುಳಿ ತಿರುಗಿದ್ದನ್ನು ಹೊಸ್ತಿಲಲ್ಲೇ ನಿಂತು ಹೇಳುತ್ತೇನೆ.
ಕ್ಯಾಲೆಂಡರಿನಲ್ಲಿ ವಾಸನೆ ಬಂದ ದಿನಕ್ಕೆ ಪೆನ್ಸಿಲಿನ ಚುಕ್ಕೆ ಇಟ್ಟೆ,
ಐದು ವಾರ.
ಚುಕ್ಕೆಗಳು ಅವನ ಗಣಿಪಾಳಿಯ ಬೆನ್ನಿಗೇ ಬಿದ್ದಿದ್ದವು.
ಶುಕ್ರವಾರ ಸಂಜೆ ಅವನು ಟ್ಯಾಂಕು ತುಂಬಿಸುತ್ತಾನೆ, ಕತ್ತಿನ ತನಕ.
ಸೋಮವಾರ ರಾತ್ರಿಗೆ ಅರ್ಧ.
ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ,
ಇದು ತುಂಬಿದರೆ ಮಾತ್ರ ತುಳುಕುವ ಕೊಡ.

ಆರನೆಯ ಶನಿವಾರ ಗಾಳಿ ಬೀಳುವ ತನಕ ಕಾದೆ.
ಆಮೇಲೆ ಸುತ್ತು ಬಂದೆ, ಮಂಡಿಯೂರಿ, ನೆಲಕ್ಕೆ ಹತ್ತಿರವಾಗಿ.
ಮುಂದಿನ ಚಕ್ರದಲ್ಲಿ ಬರೀ ಮ್ಯಾಂಗನೀಸಿನ ಕಪ್ಪು ಧೂಳು,
ಬಾಗಿಲಲ್ಲಿ ಹಳೆ ರೆಕ್ಸಿನು,
ಪೆಟ್ರೋಲು ಹಾಕುವ ಬಾಯಲ್ಲಿ ಒಂದೆಳೆ, ಇರಬೇಕಾದಷ್ಟೇ.
ಡಿಕ್ಕಿ ತೆರೆದೆ.
ಮೂಗಿಗಲ್ಲ, ಕಣ್ಣಿಗೇ ಹೊಡೆಯಿತು.

ಅಕ್ರೋಟಿನ ಚೀಲ, ಜಾಕು, ಸ್ಟೆಪ್ನಿ ಎಲ್ಲ ಹೊರಗೆಳೆದು
ಬಲಗಡೆಯ ರಟ್ಟು ಸರಿಸಿ ತಲೆ ತೂರಿಸಿದೆ. ಕತ್ತಲೆ.
ಎಲ್ಲೋ ಒಳಗೆ ತೇವ, ಬೆರಳಿಗೆ ತಣ್ಣಗೆ.
‘ಕಾಣುತ್ತಾ?’ ಅಂತ ಹಿಂದಿನಿಂದ ಬಾಗಿದವನು
ನನಗೆ ಬೆಳಕಾಗಲಿ ಎಂದು
ಲೈಟರಿನ ಮೇಲೆ ಹೆಬ್ಬೆರಳಿಟ್ಟಿದ್ದ.

ಕೈಗೆ ಹೊಡೆದೆ. ಲೈಟರು ಕಲ್ಲಿನ ಮೇಲೆ ಕುಪ್ಪಳಿಸಿ
ಚರಂಡಿ ಸೇರಿತು.
ಅವನಿಗೆ ಐವತ್ತನಾಲ್ಕು. ನಾನು ಅವನಿಗೆ ಹೊಡೆದದ್ದು
ಚಿಕ್ಕವಳಿದ್ದಾಗ, ಅದೂ ಒಂದೇ ಸಲ.
‘ಬರುತ್ತಿಲ್ಲವಾ ನಿನಗೆ? ಇಷ್ಟು?’
ಅವನು ಕಣಿವೆಯ ಮೇಲೆ ತಂತಿಗೆ ಜೋತುಬಿದ್ದ
ಖಾಲಿ ತೊಟ್ಟಿಲನ್ನು ನೋಡುತ್ತಿದ್ದ.
‘ಯಾವಾಗಿನಿಂದ?’
‘ಅಮ್ಮನ ನಲವತ್ತನೆಯ ದಿನಕ್ಕಿಂತ ಮೊದಲು.’

ಅವತ್ತು ಹುರುಳಿಕಾಳು ತಳಹಿಡಿದಿತ್ತು.
ಬಂದವರೆಲ್ಲ ತಟ್ಟೆಯ ಅಂಚಿಗೆ ಸರಿಸಿದರು,
ಪಾದ್ರಿಯೂ.
ಇವನೊಬ್ಬನೇ ಎರಡನೆಯ ಸಲ ಬಡಿಸಿಕೊಂಡ.
ನನ್ನ ಮರ್ಯಾದೆ ಉಳಿಸುವುದಕ್ಕೆ ಎಂದುಕೊಂಡಿದ್ದೆ ನಾನು.
ಮೂರು ವರ್ಷ ಹಾಗೇ ಎಂದುಕೊಂಡಿದ್ದೆ.

ಹುಡುಕುವುದು ನನ್ನದು, ಬಿಚ್ಚುವುದು ಅವನದು.
ಬ್ಯಾಟರಿಯ ತಂತಿ ಕಳಚಿದ, ಎರಡು ಕ್ಯಾನಿಗೆ ಪೆಟ್ರೋಲು ಇಳಿಸಿದ.
ಟ್ಯಾಂಕಿನ ನೆತ್ತಿಯಲ್ಲಿ ಮಾಪಕ, ಆರು ನಟ್ಟು,
ಅದರಡಿ ರಬ್ಬರಿನ ಬಳೆ
ರಸ್ಕಿನ ಹಾಗೆ ಗಟ್ಟಿ, ಎತ್ತಿದ್ದೇ ಎರಡಾಯಿತು.
ಒಮಾರಿ ಹಳೆ ಟ್ಯೂಬಿನಿಂದ ಕತ್ತರಿಸಿಕೊಡಲು ಬಂದ.
‘ಅದು ಪೆಟ್ರೋಲಿಗೆ ಉಬ್ಬುತ್ತದೆ’ ಎಂದು
ನಡೆದೇ ಪೇಟೆಗೆ ಹೋಗಿ ಹೊಸದು ತಂದ, ಮೂರು ಲಾರಿ.

ಮತ್ತೆ ಶುಕ್ರವಾರ ತುಂಬಿಸಿದ, ಕತ್ತಿನ ತನಕ.
ಶನಿವಾರ ಇಬ್ಬರೂ ಡಿಕ್ಕಿಯೊಳಗೆ ತಲೆಯಿಟ್ಟೆವು.
ಅಕ್ರೋಟು, ಕೀಲೆಣ್ಣೆ, ಒದ್ದೆ ಗೋಣಿ ಅಂದೆ ನಾನು,
ಬೇರೇನೂ ಇಲ್ಲ.
‘ನನಗೂ ಇಲ್ಲ’ ಎಂದ, ತಮಾಷೆಗೆ.
ನಕ್ಕೆವು. ಆಮೇಲೆ ಅವನು ಜೇಬಿನಿಂದ
ಆ ಮುರಿದ ಬಳೆಯ ತುಂಡು ತೆಗೆದು
ಮೂಗಿಗೆ ಹಿಡಿದುಕೊಂಡು
ಬಹಳ ಹೊತ್ತು ನಿಂತಿದ್ದ.