ಅರ್ತು

ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂದರೆ ಹೇಳಿಕೊಳ್ಳಲು ದೊಡ್ಡದು,
ನಮ್ಮದು ಒಂದು ಶಟರು, ಅರ್ಧ ಫುಟ್‌ಪಾತು.
ಕೆಲಸ ಮಾಡುವಾಗ ತಲೆ ಡ್ಯಾಶ್‌ಬೋರ್ಡಿನ ಅಡಿ,
ಕಾಲು ರಸ್ತೆಯಲ್ಲಿ.
ಹಿಂದೆ ಬರುವ ಬಸ್ಸನ್ನು ಹಿಮ್ಮಡಿಯಿಂದಲೇ ತಿಳಿಯುವ ವಿದ್ಯೆ
ಮೊದಲ ತಿಂಗಳಲ್ಲೇ ಬಂತು.

ಚೌರಪ್ಪನವರ ಇಂಡಿಕಾ ಬಂದದ್ದು ಮಂಗಳವಾರ, ಊಟದ ಹೊತ್ತಿಗೆ.
"ಹಾಡು ಚೆನ್ನಾಗೇ ಬರ್ತದೆ ಕಣಪ್ಪ,
ಅದರ ಬೆನ್ನಿಗೆ ಒಂದು ಕುಂಯ್ ಅಂತದೆ.
ಕಾಲು ಒತ್ತಿದಷ್ಟೂ ಏರ್ತದೆ.
ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಥೇಟ್ ಸೊಳ್ಳೆ,
ಇಳಿಯುವಾಗ ಹಸಿದ ನಾಯಿಮರಿ.
ಹಿಂದೆ ಕೂತವರು ನನ್ನ ಕತ್ತು ನೋಡ್ತಾರೆ,
ನಾನೇ ನರಳಿದ ಹಾಗೆ."

ಅಮೀರ್‌ಜಾನ್ ಉಸ್ತಾದ್ ಸ್ಪೀಕರು ಮುಟ್ಟಲಿಲ್ಲ.
ಇಂಜಿನ್ ಆರಿಸಿದರು: ಬರೀ ಹಾಡು.
ಸ್ಟಾರ್ಟ್ ಮಾಡಿದರು: ಕುಂಯ್.
ಚಹಾದ ಲೋಟ ಬಾನೆಟ್ಟಿನ ಮೇಲಿಟ್ಟು ಅಂದರು,
"ಕಾರ್ಪೆಟ್ ಎತ್ತು."

ಎತ್ತಿದೆ.
ಎರಡು ರೂಪಾಯಿ ನಾಣ್ಯ, ಯಾವುದೋ ಮಗುವಿನ ಒಂಟಿ ಕಾಲುಚೀಲ,
ಅವುಗಳ ಕೆಳಗೆ
ಬ್ಯಾಟರಿಯಿಂದ ಬಂದ ದಪ್ಪ ಕೆಂಪು ತಂತಿ,
ಹಾಡು ಹೊರುವ ಸಣ್ಣ ತಂತಿ,
ಒಂದನ್ನೊಂದು ತಬ್ಬಿ ಮಲಗಿದ್ದವು
ಗೇಣಿಗೊಂದು ಕರಿ ಟೇಪು ಸುತ್ತಿಸಿಕೊಂಡು.
ಎಂಥ ಅಚ್ಚುಕಟ್ಟು! ನನಗೆ ಹೊಟ್ಟೆಕಿಚ್ಚಾಯಿತು.
"ಯಾರು ಮಾಡಿದ್ದೋ, ಕೈ ಚೆನ್ನಾಗಿದೆ" ಅಂದೆ.
"ಕೈ ಇದೆ. ಕಿವಿ ಇಲ್ಲ."

ಆಮೇಲೆ ಸಂಜೆವರೆಗೂ ಪಾಠ, ಬೈಗುಳದ ನಡುನಡುವೆ.
ಕರೆಂಟು ಎಡಬಾಗಿಲ ಹೊಸ್ತಿಲಗುಂಟ ಹೋಗಲಿ,
ಹಾಡು ಬಲಕ್ಕೆ.
ದೊಡ್ಡ ಬಾಯಿಯವನ ಪಕ್ಕ
ಪಿಸುಮಾತಿನವನನ್ನು ಮಲಗಿಸಬೇಡ,
ಅವನ ಮಾತೇ ಇವನ ಬಾಯಲ್ಲಿ ಬರ್ತದೆ.
ದಾಟಲೇಬೇಕೋ, ಒಂದೇ ಕಡೆ ದಾಟಿಸು,
ಅಡ್ಡಕ್ಕೆ, ಕೂಡುವ ಲೆಕ್ಕದ ಗುರುತಿನ ಹಾಗೆ.
ಈ ರಸ್ತೆ ನೀನು ಹೇಗೆ ದಾಟ್ತೀಯ?
ಬಸ್ಸಿನ ಜೊತೆಜೊತೆಗೆ ಓರೆಯಾಗಿ ನಡೀತೀಯಾ?
ಉಳಿದ ತಂತಿ ಸುರುಳಿ ಸುತ್ತಿ ಸೀಟಿನಡಿ ಬಚ್ಚಿಡಬೇಡ,
ಕತ್ತರಿಸು. ಮಿಕ್ಕಿದ್ದಕ್ಕೆ ಸುಮ್ಮನೆ ಕೂತು ಅಭ್ಯಾಸವಿಲ್ಲ.

ಕೊನೆಗೆ ಅರ್ತು.
ಉಸ್ತಾದರ ಬಾಯಲ್ಲಿ ಅದು ಯಾವಾಗಲೂ ಅರ್ಥ.
"ಅರ್ಥ ಸರಿಯಾಗಿ ಕೂತಿಲ್ಲ, ಅದಕ್ಕೇ ಅರಚ್ತದೆ."
ನಾಲ್ಕು ರಬ್ಬರಿನ ಮೇಲೆ ನಿಂತ ಗಾಡಿಗೆ
ಎಲ್ಲಿಯ ಮಣ್ಣು, ಎಲ್ಲಿಯ ನೆಲ,
ಆದರೂ ಮೈಯ ಕಬ್ಬಿಣವನ್ನೇ ಭೂಮಿ ಅಂತ ನಂಬಿ
ಹೋದ ಕರೆಂಟೆಲ್ಲ ಅಲ್ಲಿಗೇ ಮರಳುತ್ತದೆ.
ಹಳೆಯ ಬೋಲ್ಟು ಬಣ್ಣದ ಮೇಲೆ ಕೂತಿತ್ತು.
ಉಪ್ಪುಕಾಗದ ಹಿಡಿದು ಉಜ್ಜಿದೆ.
ಟ್ಯಾಕ್ಸಿಯ ಬಿಳಿ ಹೋಯಿತು,
ಅದರಡಿ ಮೊದಲ ಮಾಲೀಕನ ನೀಲಿ,
ಅದರಡಿ ಬೂದುಬಣ್ಣದ ಪ್ರೈಮರು.
"ಇನ್ನೂ."
ಉಗುರಗಲ ಜಾಗದಲ್ಲಿ ಕಬ್ಬಿಣ ಮಿಂಚುವ ತನಕ.

ಚೌರಪ್ಪ ಕಾಲು ಒತ್ತಿದರು.
ಹಾಡುವಾಕೆ ಸಾಲು ಮುಗಿಸಿ
ಉಸಿರೆಳೆದುಕೊಂಡದ್ದು ಕೇಳಿಸಿತು.
ಇಷ್ಟು ದಿನ ಆಕೆ ಉಸಿರಾಡುತ್ತಾಳೆಂದೇ ಗೊತ್ತಿರಲಿಲ್ಲ ಅಂದರು,
ದುಡ್ಡು ಎಣಿಸಿಕೊಟ್ಟು ಹೋದರು.

ಶುಕ್ರವಾರ ಮತ್ತೆ ಬಂದರು.
"ತಪ್ಪು ತಿಳೀಬೇಡಿ ಸಾಬ್ರೇ.
ಬಲಗಿವಿ ಕಿಟಕಿ ಕಡೆಯದು, ಹಾರನ್ನಿಗೇ ಹೋಯ್ತು.
ಎಡಗಿವಿ ಅರ್ಧ.
ಇಂಜಿನ್ನು ಏನು ಹೇಳ್ತದೆ ಅಂತ ನನಗೆ ತಿಳಿಯೋದಿಲ್ಲ.
ಆ ಕುಂಯ್ ಕೇಳಿ ಗೇರು ಹಾಕ್ತಿದ್ದೆ ಅಂತ
ಈಗ ಗೊತ್ತಾಯ್ತು ನೋಡಿ.
ನಿನ್ನೆ ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಮೂರು ಸಲ ನಿಂತುಹೋಯ್ತು."

ನಾನು ನಕ್ಕೆ. ಉಸ್ತಾದ್ ನಗಲಿಲ್ಲ.
ತಂತಿ ಮತ್ತೆ ಕಟ್ಟಿಕೊಡಲಾ ಅಂತಲೂ ಕೇಳಲಿಲ್ಲ.
"ಚಪ್ಪಲಿ ಬಿಡಿ" ಅಂದರು.
ಚೌರಪ್ಪನವರ ಎಡ ಅಂಗೈ ಗೇರಿನ ಗುಂಡಿನ ಮೇಲಿಟ್ಟು
ಅದರ ಮೇಲೆ ತಮ್ಮದನ್ನು ಒತ್ತಿದರು.
ಇಬ್ಬರೂ ಮಿನರ್ವದ ಕಡೆ ಹೊರಟರು,
ಮೊದಲ ಗೇರಿನಲ್ಲೇ, ತುಂಬ ದೂರ.

ಮುಕ್ಕಾಲು ಗಂಟೆಗೆ ಉಸ್ತಾದ್ ಒಬ್ಬರೇ ಆಟೋದಲ್ಲಿ ಬಂದರು,
ಆಗಲೇ ಆರಿದ ಚಹಾ ಕುಡಿದರು.
ಶಟರು ಎಳೆಯುವಾಗ ನೋಡಿದೆ,
ಚಪ್ಪಲಿ ಜೋಡಿ ಫುಟ್‌ಪಾತಿನಲ್ಲೇ ಇತ್ತು
ರಸ್ತೆಗೆ ಮುಖ ಮಾಡಿಕೊಂಡು.